ಮೇಷ್ಟ್ರು ಅರಗು ಹಾಕಿ ಕೊಟ್ಟ ಕಾಗದ

ಹೋದ ವಾರ ಮೈಸೂರಿನ ಅಗ್ರಹಾರದ ಒಂದು ಪುಟ್ಟ ಕೊರಿಯರ್ ಅಂಗಡಿಯಲ್ಲಿ ನಿಂತಿದ್ದೆ. ಅಕ್ಕನ ಮಗಳ ಸೀಮಂತಕ್ಕೆ ಒಂದು ಸೀರೆ ಕಳಿಸಬೇಕಿತ್ತು. ನನ್ನ ಮುಂದೆ ನಿಂತಿದ್ದ ಮುದುಕರೊಬ್ಬರು ಬಿಳಿ ಬಟ್ಟೆಯಲ್ಲಿ ಹೊಲಿದ ಪಾರ್ಸೆಲ್ ತಂದಿದ್ದರು. ಅದಕ್ಕೆ ಅರಗು ಹಾಕಲೇಬೇಕು ಎಂದು ಅವರ ಹಟ. "ಈಗೆಲ್ಲ ಯಾರು ಅರಗು ಹಾಕ್ತಾರೆ ಯಜಮಾನ್ರೇ, ಟೇಪ್ ಸುತ್ಬುಡ್ತೀನಿ" ಎಂದು ಅಂಗಡಿಯವನು ಎಷ್ಟು ಹೇಳಿದರೂ ಕೇಳದೆ, ಜೇಬಿನಿಂದ ತಾವೇ ಒಂದು ಕೆಂಪು ಅರಗಿನ ಕಡ್ಡಿ ತೆಗೆದು, ಬೆಂಕಿಕಡ್ಡಿ ಗೀರಿ... ಆ ವಾಸನೆ ಬಂತು ನೋಡಿ, ಅಲ್ಲಿ ನಿಲ್ಲಲಾಗಲಿಲ್ಲ. ಸೀರೆಯನ್ನು ಕೌಂಟರಿನ ಮೇಲೇ ಬಿಟ್ಟು ಹೊರಗೆ ಬಂದು ನಿಂತೆ. ಅಂಗಡಿಯವನು "ಯಾಕ್ ಮೇಡಂ, ಹೊಗೆ ಆಗಲ್ವಾ?" ಎಂದ. ಹೂಂ ಎಂದೆ. ಅವನಿಗೆ ಇನ್ನೇನು ಹೇಳಲಿ?

ಆ ವಾಸನೆ ನನಗೆ ಗೊತ್ತಿರುವುದು ಜಯಲಕ್ಷ್ಮಿಪುರಂನ ಒಂದು ಮನೆಯ ಹಜಾರದಿಂದ. ಅದು ನಮ್ಮ ಮೇಷ್ಟ್ರ ಮನೆ.

ಮೇಷ್ಟ್ರು ನನಗೆ ಎಂ.ಎ.ಯಲ್ಲಿ ರಾಜ್ಯಶಾಸ್ತ್ರ ಹೇಳಿಕೊಟ್ಟವರು. ಅದರಲ್ಲೂ ಅಮೆರಿಕದ ರಾಜಕೀಯ ಎಂದರೆ ಅವರದೇ ಪೇಪರು, ಇನ್ನೊಬ್ಬರು ಮುಟ್ಟುವ ಹಾಗಿರಲಿಲ್ಲ. ಚಾಕ್‌ಪೀಸಿಗೆ ಒಂದು ಚೂರು ಕಾಗದ ಸುತ್ತಿ ಹಿಡಿದುಕೊಂಡು, ಬೋರ್ಡಿನ ಮೇಲೆ ಅಧ್ಯಕ್ಷರು, ಸಂಸತ್ತು, ಕೋರ್ಟು ಎಂದು ಮೂರು ಮನೆ ಬರೆದು, ಯಾವ ಮನೆಯವರು ಯಾವ ಮನೆಯವರ ಕೈ ಹಿಡಿದು ನಿಲ್ಲಿಸಬಹುದು ಎಂದು ಬಾಣ ಎಳೆಯುತ್ತಿದ್ದರು. ನಾವು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆವು. ಅಧ್ಯಕ್ಷರನ್ನು ಕೊನೆಗೆ ಆರಿಸುವ ಎಲೆಕ್ಟೋರಲ್ ಕಾಲೇಜಿನ ಪಾಠ ಬಂದರಂತೂ ಪಕ್ಕದ ಕ್ಲಾಸಿನವರೂ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. "ಕೇಳ್ಕೊಳ್ಳಿ. ಈ ಕಾಲೇಜಿಗೆ ಬಿಲ್ಡಿಂಗ್ ಇಲ್ಲ, ಪ್ರಿನ್ಸಿಪಾಲ್ ಇಲ್ಲ, ಕ್ಯಾಂಟೀನೂ ಇಲ್ಲ. ನಾಲ್ಕು ವರ್ಷಕ್ಕೊಂದ್ಸಲ ಸೇರತ್ತೆ, ಒಂದೇ ಒಂದು ಅಡ್ಮಿಷನ್ ಕೊಟ್ಟು ಬಾಗಿಲು ಹಾಕ್ಕೊಂಡ್ಬುಡತ್ತೆ. ನಮ್ಮ ಕಾಲೇಜಿಗಿಂತ ಶಿಸ್ತು ಕಣ್ರಯ್ಯ!" ಎನ್ನುತ್ತಿದ್ದರು. ಪ್ರತಿ ವರ್ಷ ಅದೇ ಮಾತು ಎಂದು ಸೀನಿಯರುಗಳು ಹೇಳಿದ್ದರು. ಆದರೂ ನಗು ಬರುತ್ತಿತ್ತು.

ಇಷ್ಟೆಲ್ಲ ಹೇಳುವ ಮೇಷ್ಟ್ರು ಅಮೆರಿಕಕ್ಕೆ ಹೋದವರಲ್ಲ. ಅವರು ಕಂಡ ಅತಿ ದೂರದ ಊರು ಕಾಶಿ. ಅವರ ಹಜಾರದಲ್ಲಿ ಎರಡು ಗಡಿಯಾರಗಳಿದ್ದವು, ಒಂದರಲ್ಲಿ ನಮ್ಮ ಹೊತ್ತು, ಇನ್ನೊಂದರಲ್ಲಿ ವಾಷಿಂಗ್ಟನ್ ಹೊತ್ತು. ಸಂಜೆ ಐದಕ್ಕೆ ಪಾಠಕ್ಕೆ ಕೂತಾಗ ಆ ಎರಡನೆಯದರ ಕಡೆ ನೋಡಿ "ಈಗ ಅಲ್ಲಿ ಬೆಳಗಿನ ಆರೂವರೆ. ಕಾಫಿ ಇಳೀತಿರತ್ತೆ" ಎನ್ನುತ್ತಿದ್ದರು. ಅವರ ಮನೆಯವರು, ನಾನು ಅಮ್ಮ ಎಂದೇ ಕರೆಯುತ್ತಿದ್ದೆ, ಅಡುಗೆಮನೆಯಿಂದಲೇ "ಇಲ್ಲೂ ಇಳಿದಿದೆ, ಬಂದು ಕುಡೀರಿ" ಎಂದು ಕೂಗುತ್ತಿದ್ದರು. ಒಮ್ಮೆ ನಾನು ಪಾಸ್‌ಪೋರ್ಟಿಗೆ ಅರ್ಜಿ ತುಂಬುವಾಗ ಮಾದರಿಗೆಂದು ಮೇಷ್ಟ್ರು ತಮ್ಮದನ್ನೇ ತಂದು ತೋರಿಸಿದ್ದರು. ಎರಡು ಸಲ ನವೀಕರಿಸಿದ್ದು. ಒಂದು ಹಾಳೆಯ ಮೇಲೂ ಸೀಲಿರಲಿಲ್ಲ. ಆಗ ನಾನದನ್ನು ನೋಡಿ ಸುಮ್ಮನೆ ಹಿಂದಕ್ಕೆ ಕೊಟ್ಟೆ, ಏನೂ ಯೋಚಿಸಲಿಲ್ಲ.

ನಾನು ಅವರ ಮುದ್ದಿನ ಶಿಷ್ಯೆ. ಹೀಗೆ ಬರೆದುಕೊಳ್ಳಲು ಈಗ ಕೈ ಹಿಂಜರಿಯುತ್ತದೆ, ಆದರೆ ಊರೆಲ್ಲ ಹಾಗೇ ಹೇಳುತ್ತಿತ್ತು. ಎಂ.ಎ. ಮುಗಿಸಿ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಸೇರಿದ ಮೇಲೂ ಶನಿವಾರ ಸಂಜೆ ಅವರ ಮನೆಗೆ ಹೋಗುವುದು ತಪ್ಪಲಿಲ್ಲ. ಬಂದವರ ಮುಂದೆಲ್ಲ ನನ್ನನ್ನು ತೋರಿಸಿ "ಇಷ್ಟು ವರ್ಷದ ಸರ್ವೀಸಲ್ಲಿ ಇಂಥಾ ತಲೆ ಒಂದೇ ಒಂದು ನೋಡಿದ್ದು ನಾನು" ಎನ್ನುತ್ತಿದ್ದರು. ನಾನು ನಾಚಿಕೊಂಡವಳ ಹಾಗೆ ತಲೆ ತಗ್ಗಿಸುತ್ತಿದ್ದೆ. ಒಳಗೊಳಗೇ ಒಂದು ಗೇಣು ಎತ್ತರ ಬೆಳೆಯುತ್ತಿದ್ದೆ. ನಮ್ಮಪ್ಪ ಮಠದ ಛತ್ರದಲ್ಲಿ ಮೇಲ್ವಿಚಾರಕರು. ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನಾನೇ ಮೊದಲು. ನಾನು ಜಾಣೆಯೋ ಪೆದ್ದಿಯೋ ಎಂದು ಹೇಳಬಲ್ಲವರು ನನ್ನ ಪಾಲಿಗೆ ಜಗತ್ತಿನಲ್ಲಿ ಒಬ್ಬರೇ ಇದ್ದರು.

ಆಗಲೇ ಆ ಅಧ್ಯಯನ ಪ್ರವಾಸದ ಪ್ರಕಟಣೆ ಬಂದದ್ದು. ಅಮೆರಿಕದ ಒಂದು ಸಣ್ಣ ವಿಶ್ವವಿದ್ಯಾಲಯ ಬೇರೆ ಬೇರೆ ದೇಶಗಳ ಎಳೆಯ ಉಪನ್ಯಾಸಕರನ್ನು ಆರು ವಾರ ಕರೆಸಿಕೊಂಡು, ಚುನಾವಣೆಯ ಹೊತ್ತಿನಲ್ಲಿ ಅಲ್ಲಿನ ರಾಜಕೀಯವನ್ನು ಹತ್ತಿರದಿಂದ ತೋರಿಸುತ್ತಿತ್ತು. ಖರ್ಚೆಲ್ಲ ಅವರದೇ. ಅರ್ಜಿಯ ಜೊತೆ ಒಬ್ಬ ಗುರುಗಳ ಶಿಫಾರಸು ಪತ್ರ ಬೇಕು, ಅದು ಮುಚ್ಚಿದ ಕವರಿನಲ್ಲಿರಬೇಕು.

ನಮ್ಮ ಕಡೆ ಶಿಫಾರಸು ಪತ್ರದ ಪದ್ಧತಿ ಗೊತ್ತಿರುವವರಿಗೆ ಗೊತ್ತು. "ನೀವೇ ಬರ್ಕೊಂಡ್ ಬನ್ನಿ, ಸೈನ್ ಹಾಕ್ತೀನಿ" ಎನ್ನುತ್ತಾರೆ. ನಮ್ಮ ಗುಣಗಾನ ನಾವೇ ಟೈಪು ಮಾಡಿಸಿಕೊಂಡು ಹೋಗುವುದು, ದೊಡ್ಡವರು ಓದದೆ ರುಜು ಹಾಕುವುದು. ಇದರಲ್ಲಿ ಯಾರಿಗೂ ಸಂಕೋಚವಿಲ್ಲ. ನಾನೂ ಹಾಗೇ ಒಂದು ಕರಡು ಬರೆದುಕೊಂಡು ಮೇಷ್ಟ್ರ ಮನೆಗೆ ಹೋದೆ. ಮೇಷ್ಟ್ರು ಅದನ್ನು ಮುಟ್ಟಲೂ ಇಲ್ಲ. "ಛೆ ಛೆ, ಇದೇನಮ್ಮ ಇದು? ಶಿಷ್ಯೆ ಬರೆದಿದ್ದಕ್ಕೆ ಗುರು ರುಜು ಹಾಕೋದೇ? ನಾನೇ ಬರೀತೀನಿ, ನನ್ನ ಕೈಯಾರೆ" ಎಂದರು. ನನಗೆ ಕಣ್ಣು ತುಂಬಿ ಬಂತು. ಇಂಥವರೂ ಇದ್ದಾರಲ್ಲ ಎನ್ನಿಸಿತು.

ಮರುವಾರ ಹೋದಾಗ ಕಾಗದ ಬರೆದು ಮಡಿಸಿ ಇಟ್ಟಿದ್ದರು. ನನ್ನ ಎದುರಿಗೇ ಕವರಿಗೆ ಹಾಕಿ ಗೋಂದು ಹಚ್ಚಿದರು. ಅಷ್ಟು ಸಾಲದೆಂದು ಪೂಜೆಯ ದೀಪದಲ್ಲಿ ಅರಗು ಕಾಯಿಸಿ ಮೂರು ಕಡೆ ತೊಟ್ಟಿಕ್ಕಿಸಿ, ತಮ್ಮ ಉಂಗುರ ಒತ್ತಿದರು. ಹಜಾರದ ತುಂಬ ಆ ವಾಸನೆ. ಮೇಲೆ ದಪ್ಪಕ್ಷರದಲ್ಲಿ 'ಗೋಪ್ಯ' ಎಂದು ಇಂಗ್ಲಿಷಿನಲ್ಲಿ ಬರೆದರು. ಅಮ್ಮ ಸಕ್ಕರೆ ತಂದು ನನ್ನ ಬಾಯಿಗೆ ಹಾಕಿದರು. ನಾನು ಇಬ್ಬರ ಕಾಲಿಗೂ ಬಿದ್ದೆ.

ಅಲ್ಲಿಂದ ನೆಟ್ಟಗೆ ಪೋಸ್ಟಾಫೀಸಿಗೆ ಹೋದೆನೇ? ಇಲ್ಲ. ಅಗ್ರಹಾರದಲ್ಲಿ ನಮ್ಮ ಮನೆಯ ಹತ್ತಿರದ ಗಣಪತಿ ಗುಡಿಗೆ ಹೋದೆ. ಪರೀಕ್ಷೆಯ ಹಾಲ್ ಟಿಕೆಟ್ಟಿಗೆಲ್ಲ ಅಲ್ಲೇ ಪೂಜೆ ಮಾಡಿಸಿ ಅಭ್ಯಾಸ. ಅರ್ಚಕರು ಆ ಕವರನ್ನು ದೇವರ ಪಾದದ ಹತ್ತಿರ ಇಟ್ಟು, ಮಂಗಳಾರತಿ ಎತ್ತಿ, ಒಂದು ಮೂಲೆಗೆ ಕುಂಕುಮ ಹಚ್ಚಿ ಕೊಟ್ಟರು. "ಒಳ್ಳೇದಾಗ್ಲಿ, ಹೋಗ್ಬಾಮ್ಮ" ಎಂದರು. ಅದನ್ನು ಎದೆಗೆ ಒತ್ತಿಕೊಂಡು ಹೋಗಿ ಪೋಸ್ಟ್ ಮಾಡಿದೆ. ಒಳಗೆ ಏನಿದೆ ಎಂದು ಬೆಳಕಿಗೆ ಹಿಡಿದು ನೋಡಬೇಕೆಂದೂ ಅನ್ನಿಸಲಿಲ್ಲ. ಗುರುಗಳ ಕಾಗದವನ್ನು ಬೆಳಕಿಗೆ ಹಿಡಿಯುವುದೇ!

ಮೂರು ತಿಂಗಳಾದ ಮೇಲೆ ವಿಷಾದಿಸುತ್ತೇವೆ ಎಂದು ಎರಡು ಸಾಲಿನ ಉತ್ತರ ಬಂತು. ಅದನ್ನು ಹಿಡಿದುಕೊಂಡು ಮೇಷ್ಟ್ರ ಮನೆಗೇ ಓಡಿದೆ, ಇನ್ನೆಲ್ಲಿಗೆ ಹೋಗಲಿ? ಅಮ್ಮ ಬಿಸಿಬೇಳೆಬಾತ್ ಬಡಿಸಿದರು. ತಿನ್ನುತ್ತ ಅತ್ತೆ. ಮೇಷ್ಟ್ರು ನನ್ನ ತಲೆಯ ಮೇಲೆ ಕೈಯಿಟ್ಟು "ಅವ್ರಿಗೆ ಕಣ್ಣಿಲ್ಲ ಕಣಮ್ಮ. ನಿನ್ನಂಥೋಳನ್ನ ಬಿಟ್ಟು ಇನ್ಯಾರನ್ನ ಕರ್ಕೋತಾರೋ ನೋಡೋಣ" ಎಂದರು. ಆ ಕೈಯ ಭಾರ ಇವತ್ತಿಗೂ ನೆನಪಿದೆ...

ಮೇಷ್ಟ್ರು ಅಷ್ಟು ಚೆನ್ನಾಗಿ ಬರೆದುಕೊಟ್ಟೂ ನನಗೆ ಸಿಗಲಿಲ್ಲ ಎಂದರೆ ಕೊರತೆ ನನ್ನದೇ ಎಂದು ತೀರ್ಮಾನಿಸಿಕೊಂಡೆ. ಬೇರೆ ಯಾವ ಕಾರಣ ಇರಲು ಸಾಧ್ಯ? ಆ ವರ್ಷ ಪಿಎಚ್‌ಡಿಗೆ ಹೆಸರು ನೋಂದಾಯಿಸಬೇಕಿತ್ತು, ಬಿಟ್ಟುಬಿಟ್ಟೆ. ನನ್ನ ಹಣೆಯಲ್ಲಿ ಬರೆದಿರುವುದು ಇಷ್ಟೇ, ಹುಡುಗಿಯರಿಗೆ ನೋಟ್ಸ್ ಬರೆಸಿಕೊಂಡು ಇದ್ದುಬಿಡೋಣ ಎಂದುಕೊಂಡೆ. ನಾಲ್ಕು ವರ್ಷ ಹಾಗೇ ಇದ್ದೆ. ಶನಿವಾರ ಮೇಷ್ಟ್ರ ಮನೆಗೆ ಹೋಗುತ್ತಿದ್ದೆ, ಅವರು ಬಂದವರ ಮುಂದೆ ನನ್ನನ್ನು ಹೊಗಳುತ್ತಿದ್ದರು, ನನಗೆ ಮಾತ್ರ ಅಯ್ಯೋ ಪಾಪ, ಸಮಾಧಾನಕ್ಕೆ ಹೇಳುತ್ತಿದ್ದಾರೆ ಎನ್ನಿಸುತ್ತಿತ್ತು.

ನಾಲ್ಕು ವರ್ಷಕ್ಕೆ ಅಲ್ಲಿ ಮತ್ತೆ ಚುನಾವಣೆ, ಮತ್ತೆ ಪ್ರಕಟಣೆ. ನನಗೆ ಅರ್ಜಿ ಹಾಕುವ ಮನಸ್ಸೇ ಇರಲಿಲ್ಲ. ನಮ್ಮ ಪ್ರಿನ್ಸಿಪಾಲರು ಬಿಡಲಿಲ್ಲ, ಕಾಲೇಜಿಗೆ ಹೆಸರು ಬರುತ್ತದೆಂದು ಅವರ ಆಸೆ. ಕೊನೆಯ ದಿನಕ್ಕೆ ಒಂದೇ ವಾರ ಉಳಿದಿತ್ತು. ಮೇಷ್ಟ್ರು ಕಣ್ಣಿನ ಆಪರೇಷನ್ನಿಗೆಂದು ಮಗಳ ಊರಿಗೆ ಹೋಗಿದ್ದರು. ಪ್ರಿನ್ಸಿಪಾಲರು "ಅದಕ್ಯಾಕ್ರೀ ಯೋಚನೆ, ನೀವೇ ಬರ್ಕೊಂಡ್ ಬನ್ನಿ" ಎಂದರು. ಬರೆದೆ. ನನ್ನನ್ನು ನಾನೇ ಬಾಯಿತುಂಬ ಹೊಗಳಿಕೊಂಡೆ. ಪ್ರಿನ್ಸಿಪಾಲರು ಫೋನಿನಲ್ಲಿ ಮಾತಾಡುತ್ತಲೇ ರುಜು ಹಾಕಿದರು.

ಆಯ್ಕೆಯಾಗಿಬಿಟ್ಟೆ!

ಸಂತೋಷಕ್ಕಿಂತ ಹೆಚ್ಚಾಗಿ ನನಗೆ ನಾಚಿಕೆಯಾಯಿತು. ಮೇಷ್ಟ್ರು ಕೈಯಾರೆ ಬರೆದ ಸತ್ಯವಾದ ಕಾಗದಕ್ಕೆ ಸಿಗದೇ ಇದ್ದದ್ದು ನನ್ನ ಕಳ್ಳ ಕಾಗದಕ್ಕೆ ಸಿಕ್ಕಿತಲ್ಲ ಎಂದು. ಅವರಿಗೆ ಅದನ್ನು ಹೇಳಲೇ ಇಲ್ಲ. ಹಳೆಯ ಅರ್ಜಿಯನ್ನೇ ಮತ್ತೆ ನೋಡಿದರಂತೆ ಎಂದು ಕಾಗೆ ಹಾರಿಸಿದೆ. ಅವರು "ಹಳೇದನ್ನೇ?" ಎಂದು ಕೇಳಿದ್ದರು. ಹೌದು ಸರ್ ಎಂದೆ. ಮುಖದಲ್ಲಿ ಏನೋ ಬಂದು ಹೋಯಿತು. ಖುಷಿಗೆ ಮಾತು ಬರುತ್ತಿಲ್ಲ ಎಂದುಕೊಂಡೆ, ಮಳ್ಳಿ ನಾನು.

ಹೊರಡುವ ದಿನ ಮಂಡಕಳ್ಳಿ ವಿಮಾನ ನಿಲ್ದಾಣದ ತನಕ ಆಟೋ ಮಾಡಿಕೊಂಡು ಬಂದಿದ್ದರು. ಕೈಯಲ್ಲಿ ಅಮ್ಮ ಕೊಟ್ಟ ಕೋಡುಬಳೆಯ ಡಬ್ಬಿ, ಒಂದು ನೂರು ಪುಟದ ನೋಟ್‌ಬುಕ್ಕು. ಎಡಗಡೆಯ ಹಾಳೆಗಳಲ್ಲಿ ಅವರು ಇಷ್ಟು ವರ್ಷ ಹೇಳಿದ ಪಾಠದ ಮುಖ್ಯ ಮಾತುಗಳನ್ನು ಬರೆದಿದ್ದರು, ಬಲಗಡೆಯ ಹಾಳೆಗಳು ಖಾಲಿ. "ಅಲ್ಲಿ ಹೋಗಿ ಕಣ್ಣಾರೆ ನೋಡಿ, ನಾನು ಹೇಳಿದ್ದು ಸರೀನಾ ತಪ್ಪಾ ಅಂತ ಬಲಗಡೆ ಬರ್ಕೊಂಡ್ ಬಾಮ್ಮ. ತಪ್ಪಿದ್ರೆ ಮುಲಾಜಿಲ್ದೆ ತಪ್ಪು ಅಂತ ಬರಿ" ಎಂದರು. ಆಟೋದವನು ಹಾರ್ನ್ ಮಾಡುತ್ತಿದ್ದ. ಮೇಷ್ಟ್ರು ಗಾಜಿನ ಬಾಗಿಲಿನ ಆಚೆ ಕೈ ಎತ್ತಿಕೊಂಡು ನಿಂತೇ ಇದ್ದರು.

ಆ ವಿಶ್ವವಿದ್ಯಾಲಯ ಇದ್ದದ್ದು ಮುಸುಕಿನ ಜೋಳದ ಹೊಲಗಳ ನಡುವಿನ ಒಂದು ಸಣ್ಣ ಊರಿನಲ್ಲಿ. ನಮ್ಮನ್ನು ನೋಡಿಕೊಳ್ಳಲು ವಿಶ್ವವಿದ್ಯಾಲಯದ ಒಬ್ಬ ಹಿರಿಯ ಹೆಂಗಸಿದ್ದರು, ಪ್ರವಾಸದ ಸಂಚಾಲಕಿ. ಅವರು ಮೊದಲ ದಿನವೇ "ವಾಷಿಂಗ್ಟನ್ನನ್ನು ಟಿವಿಯಲ್ಲಿ ನೋಡಿಕೊಳ್ಳಿ, ರಾಜಕೀಯ ಇರುವುದು ಇಲ್ಲಿ" ಎಂದಿದ್ದರು. ಅಕ್ಕಪಕ್ಕದ ಮನೆಯವರು ತಮ್ಮ ತಮ್ಮ ಅಂಗಳದಲ್ಲಿ ಎದುರಾಳಿ ಪಕ್ಷಗಳ ಬೋರ್ಡು ನೆಟ್ಟುಕೊಂಡು, ನಡುವಿನ ಹುಲ್ಲನ್ನು ಇಬ್ಬರಿಗೂ ಸೇರಿ ಒಬ್ಬರೇ ಕತ್ತರಿಸುತ್ತಿದ್ದರು. ಊರಸಭೆಗೆ ಕರೆದುಕೊಂಡು ಹೋದರು. ಚರಂಡಿಯ ವಿಷಯಕ್ಕೆ ಒಬ್ಬ ಮುದುಕಿ ಎದ್ದು ನಿಂತು, ಸಭೆಯ ಅಧ್ಯಕ್ಷನ ಕುರ್ಚಿಯಲ್ಲಿದ್ದವನ ಮುಖಕ್ಕೇ "ನಿನಗೆ ಈ ಕೆಲಸ ಬರುವುದಿಲ್ಲ, ನಾನು ನಿನಗೆ ವೋಟು ಹಾಕುವುದಿಲ್ಲ, ನಿಮ್ಮಮ್ಮನಿಗೂ ಇದನ್ನೇ ಹೇಳಿದ್ದೇನೆ" ಎಂದಳು. ನಾನು ಬೆಚ್ಚಿಬಿದ್ದೆ. ಸಭೆ ಮುಗಿದ ಮೇಲೆ ಅವನೇ ಅವಳ ಕೋಟು ಹಿಡಿದುಕೊಂಡು ಕಾರಿನ ತನಕ ಬಿಟ್ಟುಬಂದ. ಎಲ್ಲರೂ ಹೀಗೆ ಒಳ್ಳೆಯವರು ಎಂದಲ್ಲ, ಒಬ್ಬರಿಗೊಬ್ಬರು ಮುಖ ನೋಡದ ಮನೆಗಳೂ ಆ ಊರಿನಲ್ಲಿದ್ದವು. ಆದರೆ ಆ ಮುದುಕಿಯ ಮಾತನ್ನು ನೋಟ್‌ಬುಕ್ಕಿನಲ್ಲಿ ಎರಡು ಪುಟ ಬರೆದೆ. ಸರ್, ಇದು ನಿಮ್ಮ ಪಾಠದಲ್ಲಿ ಇರಲಿಲ್ಲ ಎಂದು ಕೆಳಗೆ ಗೆರೆ ಎಳೆದೆ.

ದಿನಾ ಬರೆಯುತ್ತಿದ್ದೆ. ಬೇರೆಯವರು ಅಂಗಡಿ ಸುತ್ತುವಾಗ ನಾನು ರೂಮಿನಲ್ಲಿ ಕೂತು ಮೇಷ್ಟ್ರ ಎಡಗಡೆಯ ಹಾಳೆಗೆ ಬಲಗಡೆಯಲ್ಲಿ ಉತ್ತರ ಬರೆಯುತ್ತಿದ್ದೆ. ಮತದಾನಕ್ಕೆ ಎರಡು ದಿನ ಮುಂಚೆ, ಭಾನುವಾರ, ಅಲ್ಲಿ ಎಲ್ಲರೂ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಟ್ಟುಕೊಂಡರು. ವರ್ಷಕ್ಕೆ ಎರಡು ಸಲ ಹಾಗೆ ತಿರುಗಿಸುತ್ತಾರಂತೆ. ಅಯ್ಯೋ ದೇವರೇ, ಮೇಷ್ಟ್ರ ಹಜಾರದ ಗಡಿಯಾರವನ್ನು ಯಾರೂ ಯಾವತ್ತೂ ತಿರುಗಿಸಿದ್ದಿಲ್ಲ! ವರ್ಷದಲ್ಲಿ ಎಂಟು ತಿಂಗಳು ಅದು ತಪ್ಪು ತೋರಿಸುತ್ತಿತ್ತು. ಒಬ್ಬಳೇ ಕೂತು ನಕ್ಕೆ. ಅವರೂ ಎಷ್ಟು ನಗಬಹುದು ಎಂದುಕೊಂಡು ಅದನ್ನೂ ಬರೆದೆ. ಅದೇ ಕೊನೆ, ಆಮೇಲೆ ಆ ನೋಟ್‌ಬುಕ್ಕಿನಲ್ಲಿ ಬರೆಯಲಿಲ್ಲ.

ಸೋಮವಾರ ಬೆಳಿಗ್ಗೆ ನಮಗೆ ಒಂದು ಪಾಠವಿತ್ತು. ಅಲ್ಲಿ ಕಚೇರಿಯ ಕಡತವನ್ನು ಜನ ಕೇಳಿ ಪಡೆಯಬಹುದು, ತನ್ನ ಬಗ್ಗೆ ಯಾರು ಏನು ಬರೆದಿಟ್ಟಿದ್ದಾರೆ ಎಂದು ನೋಡಬಹುದು. ಅದನ್ನು ಕಲಿಸಲು ಸಂಚಾಲಕಿ ಎರಡು ವಾರ ಮೊದಲೇ ನಮ್ಮೆಲ್ಲರಿಂದ ಒಂದೊಂದು ಅರ್ಜಿ ಬರೆಸಿಕೊಂಡಿದ್ದರು. ನಾನು ನನ್ನ ಆಯ್ಕೆಯ ಕಡತ ಕೊಡಿ ಎಂದು ಬರೆದಿದ್ದೆ, ಬೇರೇನೂ ತೋಚದೆ. ಅದನ್ನೇ ಕೇಳಿದ್ದ ಬೇರೆಯವರಿಗೆಲ್ಲ ತೆಳ್ಳಗಿನ ಕಡತ ಬಂತು, ನನಗೆ ದಪ್ಪದ್ದು. ಶಿಫಾರಸು ಪತ್ರ ಓದುವ ಹಕ್ಕನ್ನು ಬಿಟ್ಟುಕೊಟ್ಟಿದ್ದೇನೆ ಎಂಬ ಒಂದು ಚೌಕ ಅರ್ಜಿಯಲ್ಲಿ ಇರುತ್ತದಂತೆ, ಎಲ್ಲರೂ ಅದಕ್ಕೆ ಟಿಕ್ ಹಾಕಿದ್ದರು. ನಾಲ್ಕು ವರ್ಷದ ಹಿಂದೆ ನನಗದು ಅರ್ಥವಾಗದೆ ಹಾಗೇ ಬಿಟ್ಟಿದ್ದೆ. "ನೀವು ಹಕ್ಕು ಬಿಟ್ಟುಕೊಟ್ಟಿಲ್ಲ, ಆದ್ದರಿಂದ ಹಳೆಯದೂ ನಿಮ್ಮದೇ" ಎಂದರು ಸಂಚಾಲಕಿ. ಆಮೇಲೆ ಒಂದು ಕವರನ್ನು ತೋರಿಸಿ, ಮೂಲೆಯಲ್ಲಿ ಯಾರೋ ಕೆಂಪು ಮಸಿ ಚೆಲ್ಲಿದ್ದಾರೆ, ಕ್ಷಮಿಸಿ ಎಂದರು.

ಅದು ಮಸಿಯಲ್ಲ, ನಮ್ಮ ಗಣಪತಿ ಗುಡಿಯ ಕುಂಕುಮ.

ಪ್ರೀತಿಯಿಂದ ತೆಗೆದೆ. ನಿಜ ಹೇಳುತ್ತೇನೆ, ನನ್ನ ಬಗ್ಗೆ ಮೇಷ್ಟ್ರು ಏನೇನು ಒಳ್ಳೆಯ ಮಾತು ಬರೆದಿದ್ದಾರೋ, ಓದಿ ಅವರಿಗೆ ಫೋನು ಮಾಡಬೇಕು ಎಂದುಕೊಂಡು ತೆಗೆದೆ. ಅವರದೇ ದುಂಡು ಇಂಗ್ಲಿಷ್ ಅಕ್ಷರ. ಅಭ್ಯರ್ಥಿಗೆ ನೆನಪಿನ ಶಕ್ತಿ ಚೆನ್ನಾಗಿದೆ. ಹೇಳಿಕೊಟ್ಟದ್ದನ್ನು ಒಪ್ಪಿಸಬಲ್ಲಳು. ಸ್ವಂತ ಯೋಚನೆಯನ್ನು ಈಕೆಯಲ್ಲಿ ನಾನು ಕಂಡಿಲ್ಲ. ಇಂಥ ಪ್ರವಾಸದಿಂದ ಈಕೆಗಾಗಲಿ ನಿಮಗಾಗಲಿ ಪ್ರಯೋಜನವಾಗುತ್ತದೆಂದು ನನಗನ್ನಿಸುವುದಿಲ್ಲ. ಕೊನೆಯಲ್ಲಿ ಇನ್ನೊಂದು ಸಾಲು: ಹಿರಿಯ ಅಧ್ಯಾಪಕರಿಗೆ ಇಂಥ ಅವಕಾಶವೇನಾದರೂ ಇದ್ದರೆ ದಯವಿಟ್ಟು ತಿಳಿಸಿ, ನಾನು ಸಿದ್ಧನಿದ್ದೇನೆ.

ಎದೆ ಧಸಕ್ಕೆಂದಿತು ಎನ್ನುತ್ತಾರಲ್ಲ, ಹಾಗೇನೂ ಆಗಲಿಲ್ಲ. ಮೊದಲು ಅರ್ಥವೇ ಆಗಲಿಲ್ಲ. ಬೇರೆ ಯಾರದೋ ಕಾಗದ ನನ್ನ ಕಡತಕ್ಕೆ ಬಂದಿದೆ ಎಂದುಕೊಂಡು ಹೆಸರು ನೋಡಿದೆ. ನನ್ನದೇ. ಆಮೇಲೆ ಒಂದೊಂದೇ ನೆನಪಾಗತೊಡಗಿತು. ಸಕ್ಕರೆ, ನಾನು ಕಾಲಿಗೆ ಬಿದ್ದದ್ದು, ತಲೆಯ ಮೇಲಿನ ಆ ಕೈ, ಅವ್ರಿಗೆ ಕಣ್ಣಿಲ್ಲ ಕಣಮ್ಮ ಎಂದದ್ದು... ಬೇಲಿಯೇ ಎದ್ದು ಹೊಲ ಮೇದಿತ್ತು. ಮೇದ ಬೇಲಿಗೆ ನಾನು ನಾಲ್ಕು ವರ್ಷ ಶನಿವಾರ ತಪ್ಪದೆ ನಮಸ್ಕಾರ ಮಾಡಿದ್ದೆ. ಆ ದರಿದ್ರ ಕಾಗದಕ್ಕೆ ದುಡ್ಡು ಕೊಟ್ಟು ಮಂಗಳಾರತಿ ಮಾಡಿಸಿದ್ದೆ, ಥೂ! ಬಾತ್‌ರೂಮಿನಲ್ಲಿ ನಲ್ಲಿ ತಿರುಗಿಸಿಕೊಂಡು ಅತ್ತೆ. ಸಂಚಾಲಕಿ ಬಾಗಿಲು ತಟ್ಟಿ ಏನಾಯಿತು ಎಂದು ಕೇಳಿದರೆ ಊರಿನ ನೆನಪಾಯಿತು ಎಂದೆ. ಅದೇನೂ ಸುಳ್ಳಲ್ಲ.

ಹೋಗಲಿ, ಆಸೆ ಎಂದುಕೊಳ್ಳೋಣ. ಜೀವಮಾನವೆಲ್ಲ ಹೋಗಬೇಕೆಂದಿದ್ದ ಮನುಷ್ಯ, ತಮಗಿಂತ ಮೊದಲು ಶಿಷ್ಯೆ ಹೋಗುತ್ತಾಳೆ ಎಂದು ಹೊಟ್ಟೆ ಉರಿದಿರಬಹುದು. ಅದನ್ನು ನಾನು ನುಂಗಿಕೊಳ್ಳುತ್ತಿದ್ದೆ. ನನ್ನನ್ನು ಕೊರೆದದ್ದು ಬೇರೆ. ಸ್ವಂತ ಯೋಚನೆಯಿಲ್ಲ ಎಂದು ಬರೆದದ್ದು ಹೊಟ್ಟೆಕಿಚ್ಚಿನ ಸುಳ್ಳೋ, ಅಥವಾ ಅದೇ ನಿಜವಾಗಿದ್ದು ಜನರ ಮುಂದೆ ಹೊಗಳಿದ್ದೇ ಸುಳ್ಳೋ? ಎರಡರಲ್ಲಿ ಒಂದು ಸುಳ್ಳಾಗಿರಲೇಬೇಕು. ನಾನು ಏನು ಎಂದು ಹೇಳಬಲ್ಲವರು ಒಬ್ಬರೇ ಇದ್ದರು, ಅವರು ಎರಡು ಬಗೆಯಲ್ಲಿ ಹೇಳಿಟ್ಟಿದ್ದರು.

ಮಂಗಳವಾರ ಮತದಾನ. ಅಗ್ನಿಶಾಮಕ ದಳದ ಶೆಡ್ಡಿನಿಂದ ಕೆಂಪು ಲಾರಿಗಳನ್ನು ಹೊರಗೆ ನಿಲ್ಲಿಸಿ ಅಲ್ಲೇ ಬೂತು ಮಾಡಿದ್ದರು. ಜನ ಚಳಿಯಲ್ಲಿ ಸಾಲು ನಿಂತಿದ್ದರು. ಮೇಷ್ಟ್ರು ಬೋರ್ಡಿನ ಮೇಲೆ ಬಾಣ ಎಳೆದು ತೋರಿಸುತ್ತಿದ್ದುದೆಲ್ಲ ನನ್ನ ಕಣ್ಣ ಮುಂದೆ ನಡೆಯುತ್ತಿತ್ತು. ನಾನು ಎಲ್ಲವನ್ನೂ ನೋಡಿದೆ, ಒಂದಕ್ಷರ ಬರೆಯಲಿಲ್ಲ. ಉಳಿದ ಎರಡು ವಾರವೂ ಅಷ್ಟೇ. ಬೇಕೆಂದೇ ಬರೆಯಲಿಲ್ಲ.

ಊರಿಗೆ ಬಂದ ಮೂರನೆಯ ದಿನ ಅವರ ಮನೆಗೆ ಹೋದೆ. ಮೇಷ್ಟ್ರು ಗೇಟಿನ ತನಕ ಬಂದು ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ನೋಟ್‌ಬುಕ್ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು, ನನ್ನನ್ನು ಮರೆತೇಬಿಟ್ಟು, ಬೆರಳಿಟ್ಟು ಓದತೊಡಗಿದರು. ಊರಸಭೆಯ ಮುದುಕಿಯ ವಿಷಯ ಬಂದಾಗ "ಭಲೆ!" ಎಂದರು. ಗಡಿಯಾರದ ಪುಟಕ್ಕೆ ಬಂದಾಗ ಗಹಗಹಿಸಿ ನಕ್ಕು, "ಕೇಳಿದ್ಯೇನೇ, ನಮ್ಮ ಗಡಿಯಾರ ಇಷ್ಟು ವರ್ಷ ಸುಳ್ಳು ಹೇಳ್ತಿತ್ತಂತೆ!" ಎಂದು ಒಳಗೆ ಕೂಗಿ ಹೇಳಿದರು. ಆ ನಗು ನೋಡಿ ನನಗೆ ಒಂದು ಗಳಿಗೆ ಎಲ್ಲ ಮರೆತುಹೋಯಿತು. ನಿಜಕ್ಕೂ ಮರೆತುಹೋಯಿತು. ಆಮೇಲೆ ಅವರು ಹಾಳೆ ತಿರುಗಿಸಿದರು, ಇನ್ನೊಂದು ತಿರುಗಿಸಿದರು.

"ಇದೇನಮ್ಮ, ಎಲೆಕ್ಷನ್ ದಿನದ್ದೇ ಇಲ್ವಲ್ಲ? ಅದಕ್ಕೇ ಅಲ್ವೇ ನಾನು ಕಾಯ್ತಾ ಇದ್ದಿದ್ದು?"

"ಅದರ ಹಿಂದಿನ ದಿನ ನಿಮ್ಮ ಕಾಗದ ಓದಿದೆ ಸರ್. ನೀವು ಅರಗು ಹಾಕಿ ಕೊಟ್ಟಿದ್ದನ್ನ."

ಅವರ ಮುಖದಲ್ಲಿ ಗಾಬರಿ ಬರುತ್ತದೆ, ನಾಚಿಕೆ ಬರುತ್ತದೆ ಎಂದು ನಾನು ಕಾದಿದ್ದೆ. ಬಂದದ್ದು ಸಿಟ್ಟು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಅದು ಗೋಪ್ಯ. ಅದನ್ನ ನೀನು ಹೇಗೆ ಓದ್ದೆ?" ಎಂದರು.

"ಅಲ್ಲಿ ಕೇಳಿದ್ರೆ ಕೊಡ್ತಾರೆ ಸರ್."

"ಕೊಡ್ತಾರೆ ಅಂತ ಓದ್ಬುಡೋದೇ? ಗುರು ಬರೆದ ಕಾಗದಾನ? ನಾನು ನಂಬಿ ನಿನ್ನ ಕೈಗೇ ಕೊಟ್ಟಿದ್ನಲ್ಲಮ್ಮ! ಇದು ದ್ರೋಹ ಅಲ್ವೇ?"

ದ್ರೋಹ! ಹದಿನೈದಿಪ್ಪತ್ತು ದಿನದಿಂದ ನಾನು ಎದೆಯೊಳಗೆ ಇಟ್ಟುಕೊಂಡು ಓಡಾಡುತ್ತಿದ್ದ ಮಾತು ಅದು. ಅವರೇ ಎತ್ತಿಕೊಂಡುಬಿಟ್ಟರು. ನನ್ನ ಪಿತ್ತ ನೆತ್ತಿಗೇರಿತು, ಆದರೂ ಧ್ವನಿ ಏರಿಸಲು ಬಾಯಿ ಬರಲಿಲ್ಲ. "ಸರ್, ಒಂದೇ ಒಂದು ಕೇಳ್ತೀನಿ. ನನ್ನ ಮುಂದೆ ಹೇಳ್ತಿದ್ದಿದ್ದು ಸುಳ್ಳಾ, ಅಲ್ಲಿಗೆ ಬರೆದಿದ್ದು ಸುಳ್ಳಾ? ಅಷ್ಟು ಹೇಳಿ, ಎದ್ದು ಹೋಗ್ತೀನಿ" ಎಂದೆ.

ಅಮ್ಮ ಕಾಫಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. "ಅವಳು ಕೇಳಿದ್ದಕ್ಕೆ ಉತ್ತರ ಹೇಳ್ರೀ" ಎಂದರು. ಅವರು ಗಂಡನಿಗೆ ಹಾಗೆ ಹೇಳಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಮೇಷ್ಟ್ರು ಎದ್ದು ನಿಂತರು. "ಸಂಧ್ಯಾವಂದನೆಗೆ ಹೊತ್ತಾಯ್ತು" ಎಂದು ಒಳಗೆ ಹೋದರು.

ನಾನು ಕಾಫಿ ಕುಡಿಯುತ್ತ ಕಾದೆ. ಲೋಟ ಖಾಲಿಯಾದ ಮೇಲೂ ಕಾದೆ. ಅಮ್ಮ ನನ್ನ ಎದುರಿಗೆ ನೆಲ ನೋಡುತ್ತ ಕೂತಿದ್ದರು. ಕೊನೆಗೆ "ಇನ್ನು ಹೊರಡು ಕಂದ, ಅವರು ಬರಲ್ಲ" ಎಂದರು. ಅದೇ ನಾನು ಆ ಮನೆಯೊಳಗೆ ಕೂತ ಕಡೆಯ ಸಂಜೆ.

ಆಮೇಲೆ ಪಿಎಚ್‌ಡಿ ಮುಗಿಸಿದೆ, ಕೆಲಸ ಕಾಯಂ ಆಯಿತು. ಈಗ ನಮ್ಮ ಕಾಲೇಜಿನಲ್ಲಿ ಅಮೆರಿಕದ ರಾಜಕೀಯ ಹೇಳುವವಳು ನಾನೇ. ಆದರೆ ಯಾರಾದರೂ ನನ್ನನ್ನು ಹೊಗಳಿದರೆ ಅವರ ಬಾಯಿ ನೋಡುತ್ತೇನೆ, ಮನಸ್ಸು ಒಪ್ಪುವುದಿಲ್ಲ. ಏನಾದರೂ ಬರೆದು ಮುಗಿಸಿದಾಗಲೆಲ್ಲ ಇದರಲ್ಲಿ ನನ್ನದು ಎಷ್ಟು, ಒಪ್ಪಿಸಿದ್ದು ಎಷ್ಟು ಎಂದು ಹುಡುಕುತ್ತೇನೆ. ಮೇಷ್ಟ್ರು ಒಂದು ಮಾತು ಹೇಳಿಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಅಲ್ಲಿನ ಚುನಾವಣೆಯ ಫಲಿತಾಂಶ ನಮಗೆ ಬೆಳಗಿನ ಕಾಫಿಯ ಹೊತ್ತಿಗೆ ಬರುತ್ತದೆ. ಯಾವುದೋ ಒಂದು ರಾಜ್ಯ ಎಲ್ಲರ ಎಣಿಕೆ ಮೀರಿ ತಿರುಗಿಬಿದ್ದಾಗ ಫೋನು ಕೈಗೆತ್ತಿಕೊಳ್ಳುತ್ತೇನೆ. ಈ ಮೈಸೂರಿನಲ್ಲಿ ಅದರ ರುಚಿ ಗೊತ್ತಿರುವವರು ಅವರೊಬ್ಬರೇ... ಫೋನನ್ನು ಹಾಗೇ ಕೆಳಗಿಡುತ್ತೇನೆ.

ಅರಗಿನ ವಾಸನೆ ಬಂದ ಎರಡು ದಿನಕ್ಕೆ, ನಮ್ಮ ಅಂತಿಮ ವರ್ಷದ ಹುಡುಗಿಯೊಬ್ಬಳು ನನ್ನ ರೂಮಿಗೆ ಬಂದಳು. ಚುರುಕಾದವಳು, ತರಗತಿಯಲ್ಲಿ ನನ್ನನ್ನೇ ಪ್ರಶ್ನೆ ಕೇಳಿ ಸುಸ್ತು ಮಾಡುವವಳು. ಅಂಥದೇ ಒಂದು ಅಧ್ಯಯನ ಪ್ರವಾಸಕ್ಕೆ ವಿದ್ಯಾರ್ಥಿಗಳನ್ನು ಕರೆದಿದ್ದಾರೆ, ಅರ್ಜಿ ಹಾಕುತ್ತಿದ್ದೇನೆ ಎಂದಳು. ಸಂತೋಷವಾಯಿತು. ಕೂರಿಸಿಕೊಂಡು ಮಾತಾಡಿದೆ. ಹೊರಡುವಾಗ ಅವಳು, "ನಾನು ಸಂಜೆ ಹೊತ್ತು ಸರ್ ಮನೆಗೆ ಪಾಠಕ್ಕೆ ಹೋಗ್ತೀನಿ ಮೇಡಂ, ಜಯಲಕ್ಷ್ಮಿಪುರಂನಲ್ಲಿ. ನಿಮ್ಮ ಬಗ್ಗೆ ಎಷ್ಟು ಹೆಮ್ಮೆ ಗೊತ್ತಾ ಅವ್ರಿಗೆ! ನಿಮ್ಮನ್ನ ಅಮೆರಿಕಕ್ಕೆ ಕಳಿಸಿದ್ದೇ ಅವರು ಬರೆದ ಲೆಟರ್ ಅಂತೆ. ಯಾರು ಬಂದ್ರೂ ಹೇಳ್ತಾರೆ. ನಂಗೂ ಅವರೇ ಬರ್ಕೊಡ್ತೀನಿ ಅಂದಿದಾರೆ, ಕೈಯಾರೆ" ಎಂದಳು.

ನಾನು ಮೊದಲು ನಕ್ಕೆ. ನಗು ಅರ್ಧಕ್ಕೇ ನಿಂತಿತು. ಹಳೆಯದೇ ಅರ್ಜಿ ಎಂದು ನಾನು ಹಾರಿಸಿದ್ದ ಕಾಗೆಯನ್ನು ಅವರು ಹಿಡಿದು ಸಾಕಿಕೊಂಡಿದ್ದರು. ನನ್ನ ದಾರಿಗೆ ಅಡ್ಡ ಮಲಗಿದ ಕಾಗದವೇ ಈಗ ನನ್ನನ್ನು ದಾಟಿಸಿದ ಕಾಗದವಾಗಿ ಅವರ ಹಜಾರದಲ್ಲಿ ಮೆರೆಯುತ್ತಿತ್ತು. ನನಗೆ ಮೈಯೆಲ್ಲ ಉರಿಯಿತು. ಆದರೆ ನನ್ನ ಉರಿ ಹಾಗಿರಲಿ, ಎದುರಿಗೆ ನಿಂತಿದ್ದವಳು ಚುರುಕು ಹುಡುಗಿ. ಚುರುಕಾದದ್ದೇ ಅವಳಿಗೆ ಮುಳುವಾಗುತ್ತದೆ ಎಂದು ಗೊತ್ತಿದ್ದೂ ಸುಮ್ಮನಿರುವುದು ಹೇಗೆ? ಬಾಗಿಲು ಹಾಕಿ ಕೂತುಕೊಳ್ಳಲು ಹೇಳಿದೆ. ಈ ಊರಿನಲ್ಲಿ ಯಾರಿಗೂ ಹೇಳದೇ ಇದ್ದದ್ದನ್ನು, ಕಾಗದದ ಒಂದೊಂದು ಸಾಲನ್ನೂ ಬಿಡದೆ, ಅವಳಿಗೆ ಹೇಳಿದೆ. "ಬೇರೆ ಯಾರ ಹತ್ರ ಬೇಕಾದ್ರೂ ಬರೆಸ್ಕೋ. ನಾನೇ ಬರ್ಕೊಡ್ತೀನಿ, ನಿನ್ನ ಮುಂದೇನೇ ಓದಿ ಕೊಡ್ತೀನಿ. ಅವರ ಹತ್ರ ಮಾತ್ರ ಬೇಡ ಕಣಮ್ಮ" ಎಂದೆ.

ಅವಳು ಕೊನೆಯ ತನಕ ಕೇಳಿದಳು. ಮುಖ ಕೆಂಪಗಾಗಿತ್ತು, ಕಣ್ಣಲ್ಲಿ ನೀರು. ಬ್ಯಾಗು ಹೆಗಲಿಗೆ ಹಾಕಿಕೊಂಡು ಎದ್ದು, "ಸರ್ ಅಂಥೋರಲ್ಲ ಮೇಡಂ. ನೀವೇ ಏನೋ ತಪ್ಪು ತಿಳ್ಕೊಂಡಿದೀರ" ಎಂದಳು. ಎಷ್ಟು ಖಂಡಿತವಾಗಿ ಹೇಳಿದಳು! ಅವಳ ವಯಸ್ಸಿನಲ್ಲಿ ನನಗೆ ಯಾರಾದರೂ ಹೀಗೆ ಹೇಳಿದ್ದರೆ ನಾನೂ ಇದನ್ನೇ ಹೇಳುತ್ತಿದ್ದೆ, ಹೇಳಿದವರ ಮುಖವನ್ನು ಮತ್ತೆ ನೋಡುತ್ತಿರಲಿಲ್ಲ.

ಕಿಟಕಿಯಿಂದ ನೋಡಿದೆ. ಸ್ಕೂಟರು ಸ್ಟಾರ್ಟ್ ಮಾಡಿ, ದುಪಟ್ಟಾದಿಂದ ಕಣ್ಣೊರೆಸಿಕೊಂಡು, ಜಯಲಕ್ಷ್ಮಿಪುರಂ ಕಡೆಗೇ ತಿರುಗಿಸಿದಳು. ಅವಳ ಮೇಲೆ ನನಗೆ ಸಿಟ್ಟು ಬರಬೇಕಿತ್ತು, ಕನಿಕರವಾದರೂ ಬರಬೇಕಿತ್ತು. ಬಂದದ್ದು ಹೊಟ್ಟೆಕಿಚ್ಚು. ಅವಳಿಗೆ ಇನ್ನೂ ಮೇಷ್ಟ್ರಿದ್ದರು.